ಗ್ರಹಗಳ ದಾರಿ ಹುಡುಕಿದ ಕೆಪ್ಲರ್

ಮಕ್ಕಳೇ, ಮೋಡವಿಲ್ಲದ ರಾತ್ರಿ ಸಕಲೇಶಪುರ, ಆಲೂರಿನ ಗುಡ್ಡಗಳಿಂದ ಆಕಾಶ ನೋಡಿದ್ದೀರಾ? ಮಿನುಗದೆ ಬೆಳಗುವ ಕೆಂಪು ಚುಕ್ಕೆಯೊಂದು ಕಂಡರೆ ಅದು ಮಂಗಳ ಗ್ರಹವಿರಬಹುದು. ಅದರ ದಾರಿಯನ್ನು ಲೆಕ್ಕ ಹಾಕಿ ಕಂಡುಹಿಡಿದವರು ಯೊಹಾನೆಸ್ ಕೆಪ್ಲರ್.

ಕೆಪ್ಲರ್ 1571ರ ಡಿಸೆಂಬರ್ 27ರಂದು ಜರ್ಮನಿಯಲ್ಲಿ ಜನಿಸಿದರು. ಬಾಲ್ಯದಲ್ಲಿ ಸಿಡುಬು ತಗುಲಿ ಅವರ ದೃಷ್ಟಿ ಮಂದವಾಯಿತು. 1577ರಲ್ಲಿ ದೊಡ್ಡ ಧೂಮಕೇತುವೊಂದು ಕಾಣಿಸಿತು. ತಾಯಿ ಮಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ಅದನ್ನು ತೋರಿಸಿದರು. ಆ ಬೆರಗು ಅವರಲ್ಲಿ ಕೊನೆಯವರೆಗೂ ಉಳಿಯಿತು.

ಪಾದ್ರಿಯಾಗಬೇಕೆಂದು ಕೆಪ್ಲರ್ ಕ್ರೈಸ್ತ ಧರ್ಮಶಾಸ್ತ್ರ ಓದಿದರು. ಆದರೆ 1594ರಲ್ಲಿ ಗ್ರಾಜ್ ಪಟ್ಟಣದಲ್ಲಿ ಗಣಿತದ ಶಿಕ್ಷಕರಾಗಬೇಕಾಯಿತು. ಆಕಾಶದ ನಿಯಮಗಳನ್ನು ತಿಳಿಯುವುದೂ ದೇವರ ಸೇವೆಯೇ ಎಂದು ಅವರು ಕ್ರಮೇಣ ಕಂಡುಕೊಂಡರು. 1600ರಲ್ಲಿ, ಕ್ಯಾಥೊಲಿಕ್ ಪಂಥಕ್ಕೆ ಸೇರದವರು ಗ್ರಾಜ್ ಬಿಡಬೇಕೆಂದು ಆಜ್ಞೆಯಾಯಿತು. ಲೂಥರನ್ ಪಂಥದ ಕೆಪ್ಲರ್ ತಮ್ಮ ನಂಬಿಕೆ ಬದಲಿಸಲಿಲ್ಲ. ಸಂಸಾರ ಸಮೇತ ಪ್ರಾಗ್ ನಗರಕ್ಕೆ ಹೊರಟರು.

ಅಲ್ಲಿ ಟೈಕೋ ಬ್ರಾಹೆ ಎಂಬ ಖಗೋಳ ವಿಜ್ಞಾನಿಯಿದ್ದರು. ದೂರದರ್ಶಕವಿಲ್ಲದ ಆ ಕಾಲದಲ್ಲಿ ಅವರು ಬರಿಗಣ್ಣಿನಿಂದಲೇ ಗ್ರಹಗಳ ಸ್ಥಾನವನ್ನು ನಿಖರವಾಗಿ ಅಳೆದಿದ್ದರು. 1601ರಲ್ಲಿ ಟೈಕೋ ತೀರಿಕೊಂಡ ಮೇಲೆ ಆ ಅಳತೆಗಳು ಕೆಪ್ಲರ್ ಕೈಸೇರಿದವು.

ಗ್ರಹಗಳ ಚಲನೆಗೆ ವೃತ್ತವೇ ಆಧಾರ ಎಂದು ಆಗ ಎಲ್ಲರೂ ನಂಬಿದ್ದರು. ಕೆಪ್ಲರ್ ಕೂಡ ವೃತ್ತವನ್ನೇ ಹಿಡಿದು ಮಂಗಳನ ಲೆಕ್ಕ ಮಾಡಿದರು. ಲೆಕ್ಕಕ್ಕೂ ಟೈಕೋ ಅಳತೆಗೂ ಇದ್ದ ವ್ಯತ್ಯಾಸ ಎಷ್ಟು ಗೊತ್ತೇ? ಆಕಾಶದಲ್ಲಿ ನಮಗೆ ಕಾಣುವ ಪೂರ್ಣಚಂದ್ರನ ಅಗಲದ ಸುಮಾರು ಕಾಲು ಭಾಗ! ಇಷ್ಟು ಚಿಕ್ಕ ತಪ್ಪನ್ನೂ ಅವರು ಮುಚ್ಚಿಡಲಿಲ್ಲ. ಮಾಡಿದ ಕೆಲಸ ಬಿಟ್ಟು ಮತ್ತೆ ಮೊದಲಿಂದ ಆರಂಭಿಸಿದರು. ಕೊನೆಗೆ, ಗ್ರಹಗಳ ದಾರಿ ವೃತ್ತವಲ್ಲ, ದೀರ್ಘವೃತ್ತ ಎಂದು 1609ರಲ್ಲಿ ಪ್ರಕಟಿಸಿದರು. ಗ್ರಹದ ದೂರಕ್ಕೂ ಅದು ಸೂರ್ಯನನ್ನು ಸುತ್ತುವ ಕಾಲಕ್ಕೂ ಇರುವ ಸಂಬಂಧವನ್ನು 1619ರಲ್ಲಿ ತಿಳಿಸಿದರು.

ಕಷ್ಟಗಳು ಅವರನ್ನು ಬಿಡಲಿಲ್ಲ. ಧೂಮಕೇತು ತೋರಿಸಿದ್ದ ತಾಯಿಯನ್ನೇ ಮಾಟಗಾತಿ ಎಂದು ಸೆರೆಯಲ್ಲಿಟ್ಟರು. ಕೆಪ್ಲರ್ ಆಕೆಯ ಪರವಾಗಿ ಹೋರಾಡಿದರು. 1621ರಲ್ಲಿ ತಾಯಿಯ ಬಿಡುಗಡೆಯಾಯಿತು. 1630ರ ನವೆಂಬರ್ 15ರಂದು ಕೆಪ್ಲರ್ ನಿಧನರಾದರು. ಚಂದ್ರಯಾನದ ಕಲ್ಪನೆಯ ಅವರ ಕಥೆಯೊಂದು 1634ರಲ್ಲಿ ಅಚ್ಚಾಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ!

ನಿಮ್ಮ ಜಿಲ್ಲೆಯ ಹಾಸನದಲ್ಲಿ 1982ರಲ್ಲಿ ಸ್ಥಾಪನೆಯಾದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅದು ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಭೂಮಿ ಒಮ್ಮೆ ತನ್ನ ಸುತ್ತ ತಿರುಗುವಷ್ಟರಲ್ಲಿ ಅವೂ ಭೂಮಿಯನ್ನು ಒಂದು ಸುತ್ತು ಹಾಕುತ್ತವೆ. ಹಾಗಾಗಿ ನಮಗೆ ಒಂದೇ ಕಡೆ ನಿಂತಂತೆ ತೋರುತ್ತವೆ. ಅಷ್ಟೇ ಎತ್ತರ ಏಕೆ? ಉತ್ತರ ಸಿಗುವುದು ಕೆಪ್ಲರ್ ನಿಯಮದಿಂದಲೇ.

ಮಾಡಿ ನೋಡಿ: ರಟ್ಟಿನ ಮೇಲೆ ಕಾಗದವಿಟ್ಟು ಎರಡು ಗುಂಡುಸೂಜಿ ಚುಚ್ಚಿ. ದಾರದ ತುದಿಗಳನ್ನು ಗಂಟು ಹಾಕಿ, ಸಡಿಲವಾದ ಆ ಕುಣಿಕೆಯನ್ನು ಸೂಜಿಗಳ ಸುತ್ತ ಹಾಕಿ. ಪೆನ್ಸಿಲ್‌ನಿಂದ ದಾರವನ್ನು ಬಿಗಿಹಿಡಿದು ಸುತ್ತಲೂ ಗೆರೆ ಎಳೆಯಿರಿ. ಅದೇ ದೀರ್ಘವೃತ್ತ! ಒಂದು ಸೂಜಿ ಇರುವ ಜಾಗದಲ್ಲಿ ಸೂರ್ಯನನ್ನು ಬರೆಯಿರಿ.