ಕೆಲಸವನ್ನು ಓದಿದ ಎಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ



ಬಿಸಿಯೂಟದ ಗಂಟೆ ಬಾರಿಸಿದ ಮೇಲೆ ನಿಮ್ಮ ಶಾಲೆಯ ನಳದ ಹತ್ತಿರ ಏನಾಗುತ್ತದೆ? ತಟ್ಟೆ ತೊಳೆಯಲು ಎಲ್ಲರೂ ಒಮ್ಮೆಗೇ ನುಗ್ಗುತ್ತಾರೆ. ಒಬ್ಬರು ನಳ ಬಿಟ್ಟುಕೊಂಡೇ ತಟ್ಟೆ ತಿಕ್ಕುತ್ತಾರೆ, ನೀರು ಸುಮ್ಮನೆ ಹರಿಯುತ್ತದೆ. ಹಿಂದೆ ನಿಂತವರು ತಳ್ಳುತ್ತಾರೆ. ಒಂದನೇ ತರಗತಿಯ ಪುಟ್ಟ ಮಕ್ಕಳು ಎಲ್ಲರಿಗಿಂತ ಕೊನೆಗೆ ಊಟಕ್ಕೆ ಬರುತ್ತಾರೆ. ಆಗ ಗುರುಗಳು ಬಂದು ಬೇಗ ಬೇಗ ಎಂದು ಗದರುತ್ತಾರೆ. ಬೇಗ ಎಂದು ಹೇಳಿದರೆ ಕೆಲಸ ಬೇಗ ಆಗುತ್ತದೆಯೇ? ಆಗುವುದಿಲ್ಲ. ತಡವಾಗುತ್ತಿರುವುದು ಎಲ್ಲಿ, ಏಕೆ ಎಂದು ಮೊದಲು ನೋಡಬೇಕು. ನೋಡಿದ್ದನ್ನು ಬರೆದಿಡಬೇಕು. ಆಮೇಲೆ ಬದಲಾಯಿಸಬೇಕು.

ನೋಡು, ಬರೆ, ಬದಲಿಸು. ಈ ಮೂರು ಮೆಟ್ಟಿಲುಗಳನ್ನು ಜೀವನವಿಡೀ ಹತ್ತಿದವರು ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹೆಸರು ಕೇಳಿದ ಕೂಡಲೇ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಆದರೆ ಅವರು ಕಟ್ಟೆ ಮಾತ್ರ ಕಟ್ಟಲಿಲ್ಲ, ಕೆಲಸ ಮಾಡುವ ರೀತಿಯನ್ನೂ ಕಟ್ಟಿದರು.

ಬಾಲ್ಯ ಮತ್ತು ಓದು

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾಗಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ನೀರು ಎಲ್ಲಿ ಹೋಗುತ್ತಿದೆ?

ಪುಣೆ ಜಿಲ್ಲೆಯಲ್ಲಿ ನೀರಾ ಕಾಲುವೆ ಇದೆ. ಅಲ್ಲಿ ಎಲ್ಲ ರೈತರಿಗೂ ಕಬ್ಬು ಬೆಳೆಯುವ ಆಸೆ. ಕಬ್ಬಿಗೆ ವರ್ಷವಿಡೀ ನೀರು ಬೇಕು. ನೀರು ಪಡೆಯುವ ಹೊಲಗಳು ಅಲ್ಲೊಂದು ಇಲ್ಲೊಂದು ಇದ್ದವು. ಹೀಗಾಗಿ ದಾರಿಯಲ್ಲೇ ಬಹಳ ನೀರು ಇಂಗಿ ಹೋಗುತ್ತಿತ್ತು. ಕೆಲವು ಕಡೆ ನೀರು ಹೆಚ್ಚಾಗಿ ಭೂಮಿ ಜವುಗಾಗುತ್ತಿತ್ತು, ಇನ್ನು ಕೆಲವು ಹಳ್ಳಿಗಳಿಗೆ ನೀರೇ ಇಲ್ಲ.

ವಿಶ್ವೇಶ್ವರಯ್ಯನವರು ಹೊಸ ಕಾಲುವೆ ತೋಡಿಸಲಿಲ್ಲ. ಇದ್ದ ನೀರು ಹೇಗೆ ಹಂಚಿಕೆಯಾಗುತ್ತಿದೆ ಎಂಬುದನ್ನು ಅಳೆದು ನೋಡಿದರು. ಅನಂತರ ಬ್ಲಾಕ್ ಪದ್ಧತಿ ಎಂಬ ಯೋಜನೆ ತಂದರು. ಪ್ರತಿ ಹಳ್ಳಿಯಲ್ಲೂ ಒಂದೇ ಕಡೆ ಸೇರಿದ ಇಂತಿಷ್ಟು ಜಮೀನನ್ನು ಗುರುತಿಸಿ ಅದಕ್ಕೆ ನೀರು ಬಿಡುವುದು. ಅದರಲ್ಲಿ ಸರದಿಯಂತೆ ಮೂರನೇ ಒಂದು ಭಾಗ ಕಬ್ಬು, ಉಳಿದ ಭಾಗಗಳಲ್ಲಿ ಭತ್ತ ಮತ್ತು ಕಡಿಮೆ ನೀರಿನ ಬೆಳೆ ಬೆಳೆಯುವುದು. ಮೊದಲು ರೈತರು ಒಪ್ಪಲಿಲ್ಲ. ಅವರ ನಡುವೆ ಹೋಗಿ ಲೆಕ್ಕ ವಿವರಿಸಿದ ಮೇಲೆ ಒಪ್ಪಿದರು. ಅದೇ ನೀರು ಹೆಚ್ಚು ಹಳ್ಳಿಗಳಿಗೆ ತಲುಪಿತು.

ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನೊಂದು ತೊಂದರೆ ಇತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ಹೋದ ನೀರು ಬೇಸಿಗೆಗೆ ಸಿಗುತ್ತಿರಲಿಲ್ಲ. ಕೋಡಿಗೆ ಬಾಗಿಲು ಇಟ್ಟರೆ ನೀರು ನಿಲ್ಲುತ್ತದೆ. ಆದರೆ ಮಧ್ಯರಾತ್ರಿ ಪ್ರವಾಹ ಬಂದರೆ ಬಾಗಿಲು ತೆರೆಯುವವರು ಯಾರು? ಒಬ್ಬ ಕೆಲಸಗಾರ ನಿದ್ದೆಹೋದರೂ ಅಪಾಯ. ಅದಕ್ಕೆ ವಿಶ್ವೇಶ್ವರಯ್ಯನವರು, ನೀರು ಗೊತ್ತಾದ ಮಟ್ಟಕ್ಕೆ ಏರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚುವ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವುಗಳನ್ನು ಅಲ್ಲಿ ಅಳವಡಿಸಲಾಯಿತು. ಕೆಲಸಗಾರನನ್ನು ಬೈಯುವ ಬದಲು ಅವನು ತಪ್ಪು ಮಾಡುವ ಸಂದರ್ಭವೇ ಬಾರದಂತೆ ಕೆಲಸವನ್ನು ಬದಲಿಸಿದರು.

ಮೂಸಿ ನದಿಯ ಪ್ರವಾಹ

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಹರಿಯಿತು. ಸಾವಿರಾರು ಜನ ಸತ್ತರು. ಆಗ ನಮ್ಮ ಬೀದರ್ ಜಿಲ್ಲೆಯೂ ಅದೇ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂತಪುರ, ಔರಾದ್, ಭಾಲ್ಕಿಯ ಹಿರಿಯರಿಗೆ ರಾಜಧಾನಿ ಎಂದರೆ ಹೈದರಾಬಾದೇ.

ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತಿಗೆ ಸಿದ್ಧರಾಗಿ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದರು. ನದಿಗೆ ಎತ್ತರದ ಗೋಡೆ ಕಟ್ಟಿ ಎಂದು ಹೇಳಿ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಎಲ್ಲೆಲ್ಲಿ ಎಷ್ಟು ಮಳೆ ಬಿದ್ದಿತ್ತು ಎಂಬ ದಾಖಲೆಗಳನ್ನು ತರಿಸಿದರು. ನದಿಯ ಮೇಲ್ಭಾಗದ ಕೆರೆಗಳನ್ನು ಎಣಿಸಿದರು. ಅಲ್ಲಿ 800ರ ಹತ್ತಿರ ಕೆರೆಗಳಿದ್ದವು, ಅವುಗಳಲ್ಲಿ 200ಕ್ಕೂ ಹೆಚ್ಚು ಒಡೆದಿದ್ದವು. ಒಂದು ಕೆರೆ ಒಡೆದು ಅದರ ನೀರು ಕೆಳಗಿನ ಕೆರೆಯನ್ನು ಒಡೆಯುತ್ತಾ ಬಂದಿತ್ತು. ಅನಾಹುತಕ್ಕೆ ಕಾರಣ ಊರಿನೊಳಗೆ ಅಲ್ಲ, ಊರಿನ ಮೇಲ್ಗಡೆ ಇತ್ತು!

ಆದ್ದರಿಂದ ಪ್ರವಾಹದ ನೀರನ್ನು ಮೇಲೆಯೇ ತಡೆಯುವ ಜಲಾಶಯಗಳನ್ನು ಕಟ್ಟಲು ಸಲಹೆ ಕೊಟ್ಟರು. ಮೂಸಿ ನದಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಕಟ್ಟಿದ್ದು ಇದರಿಂದಲೇ. ನೀವು ಬೀದರಿನಿಂದ ಹೈದರಾಬಾದಿಗೆ ಹೋದಾಗ ಅವುಗಳನ್ನು ತಪ್ಪದೆ ನೋಡಿ.

ಕಚೇರಿಯೂ ಒಂದು ಯಂತ್ರ

1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಅವರು 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭಿಸಿದರು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಬಳಸಿದರು. ಸಾವಿರಾರು ಕೂಲಿಕಾರರು ದುಡಿದರು. ಗಡುವಿನೊಳಗೆ ಕೆಲಸ ಮುಗಿಸಲು ರಾತ್ರಿಯೂ ದೀಪದ ಬೆಳಕಿನಲ್ಲಿ ಕಟ್ಟೆ ಏರುತ್ತಿತ್ತು.

1912ರಲ್ಲಿ ಅವರು ದಿವಾನರಾದರು. ಯಂತ್ರದ ಒಂದು ಹಲ್ಲು ಸವೆದರೆ ಇಡೀ ಯಂತ್ರ ನಿಲ್ಲುವಂತೆ, ಒಂದು ಮೇಜಿನ ಮೇಲೆ ಕಾಗದ ಕೂತರೆ ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ. ಅದಕ್ಕಾಗಿ ಸರ್ಕಾರಿ ಕಚೇರಿಗಳ ಕೆಲಸ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸುವ ದಕ್ಷತಾ ತಪಾಸಣೆಯ ಏರ್ಪಾಡು ತಂದರು. ಹಣದ ಲೆಕ್ಕ ನೋಡುವಂತೆ ಕೆಲಸದ ಲೆಕ್ಕವನ್ನೂ ನೋಡುವುದು ಇದರ ಉದ್ದೇಶ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬವರು ಇಂಥದೇ ವಿಚಾರದಲ್ಲಿದ್ದರು. ಅವರು ಮೊದಲು ಗೌಂಡಿ ಕೆಲಸ ಕಲಿತವರು. ಒಂದು ಇಟ್ಟಿಗೆ ಇಡಲು ಗೌಂಡಿ 18 ಸಲ ಮೈಕೈ ಆಡಿಸುತ್ತಾನೆ ಎಂದು ಎಣಿಸಿದರು. ಇಟ್ಟಿಗೆಯನ್ನು ಸೊಂಟದ ಎತ್ತರಕ್ಕೆ ಇಟ್ಟು ಬಗ್ಗುವುದನ್ನು ತಪ್ಪಿಸಿದರು. 18 ಚಲನೆಗಳು 5ಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವನು 350 ಇಡುವಂತಾಯಿತು. 1921ರಲ್ಲಿ ಅವರೂ ಅವರ ಪತ್ನಿ ಲಿಲಿಯನ್ ಅವರೂ ಕೆಲಸದ ಹಂತಗಳನ್ನು ಚಿಹ್ನೆಗಳಲ್ಲಿ ಬರೆಯುವ ನಕ್ಷೆಯನ್ನು ಎಂಜಿನಿಯರುಗಳ ಮುಂದಿಟ್ಟರು. ಇಂದಿಗೂ ಕಾರ್ಖಾನೆಗಳಲ್ಲಿ ಅಂಥ ನಕ್ಷೆಗಳಿವೆ.

ಭದ್ರಾವತಿಯ ಪರೀಕ್ಷೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು ಬಳಸಿ ಅಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಬಿದ್ದಿತ್ತು. ಕಾರ್ಖಾನೆ ನಷ್ಟದಲ್ಲಿತ್ತು. ಮುಚ್ಚಿಬಿಟ್ಟರೆ ಅಲ್ಲಿ ದುಡಿಯುವವರ ಗತಿ ಏನು?

ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಎಲ್ಲಿ ಎಷ್ಟು ಖರ್ಚಾಗುತ್ತಿದೆ, ಯಾವುದು ಅನಗತ್ಯ ಎಂದು ಲೆಕ್ಕ ಹಾಕಿ ಕಡಿಮೆ ಮಾಡಿದರು. ದುಬಾರಿ ಸಂಬಳದ ವಿದೇಶಿ ತಜ್ಞರು ಮಾಡುತ್ತಿದ್ದ ಕೆಲಸಗಳಿಗೆ ನಮ್ಮ ನಾಡಿನ ಯುವಕರನ್ನೇ ತರಬೇತಿ ಕೊಟ್ಟು ಸಿದ್ಧಪಡಿಸಿದರು. ಕಾರ್ಖಾನೆ ಉಳಿಯಿತು. ತಮ್ಮ ಸೇವೆಗೆ ಸಿಗಬೇಕಾದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಲು ಹೇಳಿದರು. ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಿದ್ದು ಹೀಗೆ.

ಯೋಚಿಸಬೇಕಾದ ಮಾತು

ದೊಡ್ಡವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಮೀಸಲಿಟ್ಟರೆ ಆಡಳಿತದ ದಕ್ಷತೆ ಕುಗ್ಗೀತು ಎಂಬ ಅಳುಕು ಅವರಿಗಿತ್ತು. ಮಹಾರಾಜರು ಹಾಗೆ ತಿಳಿಯಲಿಲ್ಲ. ಈ ಭಿನ್ನಾಭಿಪ್ರಾಯದ ನಡುವೆ 1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಆದರೆ ಭದ್ರಾವತಿ ನಮಗೆ ಹೇಳುವುದೇನು? ಕಲಿಯುವ ಅವಕಾಶ ಸಿಕ್ಕರೆ, ಆ ಕೆಲಸ ಇವರಿಂದಾಗದು ಎನಿಸಿಕೊಂಡವರೂ ಅದನ್ನು ಚೆನ್ನಾಗಿ ಮಾಡುತ್ತಾರೆ. ದಕ್ಷತೆ ಹುಟ್ಟಿನಿಂದ ಬರುವುದಿಲ್ಲ, ಕಲಿಕೆಯಿಂದ ಬರುತ್ತದೆ. ಎಲ್ಲ ಮಕ್ಕಳೂ ಶಾಲೆಗೆ ಬರಲಿ ಎಂದು 1913ರಲ್ಲಿ ಮೈಸೂರಿನಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದೂ ಅವರ ದಿವಾನಗಿರಿಯಲ್ಲೇ.

1955ರಲ್ಲಿ ಅವರಿಗೆ ಭಾರತರತ್ನ ಸಂದಿತು. ನೂರು ವರ್ಷ ದಾಟಿ ಬದುಕಿ 1962ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನ ಎಂದು ಆಚರಿಸುತ್ತೇವೆ.

ನೀವೂ ಮಾಡಿ ನೋಡಿ

1. ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ತಟ್ಟೆ ತೊಳೆಯುವ ಕೆಲಸವನ್ನು ಮೂರು ದಿನ ದೂರ ನಿಂತು ನೋಡಿ.
2. ಹಂತಗಳನ್ನು ಒಂದರ ಕೆಳಗೊಂದು ಬರೆಯಿರಿ: ತಟ್ಟೆ ತರುವುದು, ಸಾಲಿನಲ್ಲಿ ಕಾಯುವುದು, ಒದ್ದೆ ಮಾಡುವುದು, ತಿಕ್ಕುವುದು, ತೊಳೆಯುವುದು, ಮರಳುವುದು. ಪ್ರತಿ ಹಂತಕ್ಕೆ ಎಷ್ಟು ಸಮಯ ಎಂದು ಗಡಿಯಾರ ನೋಡಿ ಬರೆಯಿರಿ.
3. ಕಾಯುವ ಹಂತಕ್ಕೆ ಕೆಂಪು ಬಣ್ಣ ಹಚ್ಚಿ. ತಿಕ್ಕುವ ಜಾಗ ಮತ್ತು ತೊಳೆಯುವ ಜಾಗ ಬೇರೆಬೇರೆ ಮಾಡಿದರೆ ಕೆಂಪು ಕಡಿಮೆಯಾದೀತೇ? ನೀರು ಉಳಿದೀತೇ?
4. ಬದಲಾಯಿಸುವ ಮೊದಲು ಅಡುಗೆಯ ಅಮ್ಮಂದಿರನ್ನೂ ಪುಟ್ಟ ಮಕ್ಕಳನ್ನೂ ಕೇಳಿ. ಕೆಲಸದ ಕಷ್ಟ ಅದನ್ನು ಮಾಡುವವರಿಗೇ ಹೆಚ್ಚು ಗೊತ್ತು.

ಒಂದು ವಾರದ ನಂತರ ಮತ್ತೆ ಅಳೆಯಿರಿ. ಪುಟ್ಟ ಮಕ್ಕಳು ಮೊದಲಿಗಿಂತ ಬೇಗ ಊಟಕ್ಕೆ ಕುಳಿತರೆ ನಿಮ್ಮ ಪ್ರಯೋಗ ಗೆದ್ದಂತೆ!