ಲ್ಯಾಟೆಕ್ಸ್ ಹಾಸಿಗೆ ಕೆಮಿಕಲ್ ಇಲ್ಲದೆ ಆಗುತ್ತದೆಯೇ? ಚಾರ್ಲ್ಸ್ ಗುಡ್‌ಇಯರ್ ಬದುಕು ಕೊಡುವ ಉತ್ತರ

ಮೊಬೈಲ್ ತೆರೆದರೆ ಸಾಕು, ಒಂದು ಜಾಹೀರಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮರದ ಹಾಲಿನಿಂದ ಮಾಡಿದ ಹಾಸಿಗೆ, ಶೇ 100ರಷ್ಟು ನೈಸರ್ಗಿಕ, ಹನಿಯಷ್ಟೂ ಕೆಮಿಕಲ್ ಇಲ್ಲ, ಇವತ್ತೇ ಆರ್ಡರ್ ಮಾಡಿದರೆ ಅರ್ಧ ಬೆಲೆ. ಅದನ್ನು ಯಾರೋ ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾರೆ. ಸೊಂಟನೋವಿರುವ ಅಪ್ಪನಿಗೋ ಅವ್ವನಿಗೋ ಒಂದು ತರಿಸೋಣ ಎಂಬ ಮಾತು ಶುರುವಾಗುತ್ತದೆ.

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಊರಿನಲ್ಲಿ ಕೂತು ಇದನ್ನು ತರಿಸುವುದು ಈಗ ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ. ನಮ್ಮ ಕಡೆ ಹತ್ತಿ ಗಾದಿ ಮಾಡಿಸುವಾಗ ಹತ್ತಿ ಎಂಥದ್ದು ಎಂದು ಕೈಯಲ್ಲಿ ಹಿಡಿದು ನೋಡುತ್ತಿದ್ದೆವು. ಅದನ್ನು ಹಿಂಜಿ, ತುಂಬಿ, ಹೊಲಿಯುವುದು ನಮ್ಮ ಕಣ್ಣೆದುರೇ ನಡೆಯುತ್ತಿತ್ತು. ಆನ್‌ಲೈನ್ ಹಾಸಿಗೆ ಹಾಗಲ್ಲ. ಗಾಳಿ ತೆಗೆದು ಸುರುಳಿ ಸುತ್ತಿದ ಪಾರ್ಸೆಲ್ ಬರುತ್ತದೆ, ಒಳಗೇನಿದೆ ಎಂಬುದಕ್ಕೆ ಜಾಹೀರಾತಿನ ಮಾತೇ ಆಧಾರ. ಕೊಡುವ ದುಡ್ಡು ಮಾತ್ರ ಹತ್ತಾರು ಸಾವಿರ ರೂಪಾಯಿ.

ಹಾಗಾದರೆ ಕೆಮಿಕಲ್ಲೇ ಇಲ್ಲದ ಲ್ಯಾಟೆಕ್ಸ್ ಹಾಸಿಗೆ ಎಂಬುದು ನಿಜವೇ? ಇದಕ್ಕೆ ಉತ್ತರ ಒಬ್ಬ ಮನುಷ್ಯನ ಬದುಕಿನಲ್ಲಿದೆ. ಹೆಸರು ಚಾರ್ಲ್ಸ್ ಗುಡ್‌ಇಯರ್. ಟಯರ್ ಮೇಲೆ ಈ ಹೆಸರನ್ನು ನಾವೆಲ್ಲ ಓದಿದ್ದೇವೆ. ಆತ ಪಟ್ಟ ಪಾಡು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಸಾಲಗಾರನ ಕೈಗೆ ಸಿಕ್ಕ ರಬ್ಬರ್

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆ ಅಮಾಸಾ ಗುಡ್‌ಇಯರ್ ಗುಂಡಿ ಮತ್ತು ಕೃಷಿ ಉಪಕರಣಗಳನ್ನು ತಯಾರಿಸುತ್ತಿದ್ದವರು. ಮಗನೂ ಅದೇ ದಾರಿ ಹಿಡಿದ. 1824ರಲ್ಲಿ ಕ್ಲಾರಿಸಾ ಬೀಚರ್ ಜೊತೆ ಮದುವೆಯಾಯಿತು. 1826ರಲ್ಲಿ ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. ನಾಲ್ಕೈದು ವರ್ಷದಲ್ಲಿ ಅಂಗಡಿ ಮುಳುಗಿತು, ಸಾಲ ತಲೆ ಮೇಲೆ ಬಂತು. ಆಗಿನ ಅಮೆರಿಕದಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಒಮ್ಮೆಯಲ್ಲ, ಹಲವು ಸಲ ಆ ಬಾಗಿಲು ದಾಟಿದ.

1834ರಲ್ಲಿ ಆತ ನ್ಯೂಯಾರ್ಕಿನಲ್ಲಿ ಒಂದು ರಬ್ಬರ್ ಕಂಪನಿಯ ಮಳಿಗೆಗೆ ಹೋದ. ನೀರಿನಲ್ಲಿ ಮುಳುಗದಂತೆ ಕಾಪಾಡುವ ರಬ್ಬರ್ ಚೀಲವೊಂದು ಅಲ್ಲಿ ಕಣ್ಣಿಗೆ ಬಿತ್ತು. ಅದರ ಗಾಳಿಯ ವಾಲ್ವ್ ಸರಿಯಿಲ್ಲ ಎನಿಸಿ, ಇನ್ನೂ ಚೆನ್ನಾದ ವಾಲ್ವ್ ಮಾಡಿ ಮಾರಲು ತಂದ. ಆದರೆ ಮಳಿಗೆಯವರ ತಲೆನೋವು ವಾಲ್ವ್ ಅಲ್ಲ, ರಬ್ಬರೇ ಆಗಿತ್ತು. ಚಳಿಗಾಲದಲ್ಲಿ ಅದು ಕಟ್ಟಿಗೆಯಂತೆ ಬಿರುಸಾಗಿ ಬಿರಿಯುತ್ತಿತ್ತು. ಬೇಸಿಗೆಯಲ್ಲಿ ಕರಗಿ, ಕೈಗಂಟುವ ನಾರುವ ಅಂಟಾಗುತ್ತಿತ್ತು. ಮಾರಿದ ಸರಕೆಲ್ಲ ವಾಪಸ್ ಬರುತ್ತಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಮರದಿಂದ ಬಂದ, ಬೇರೇನೂ ಸೇರಿಸದ, ಅಪ್ಪಟ ನೈಸರ್ಗಿಕ ರಬ್ಬರ್ ಎಂದರೆ ಇದೇ. ಅದರಲ್ಲಿ ಹಾಸಿಗೆ ಮಾಡಿ ತೆಲಿಗಿಯ ಏಪ್ರಿಲ್ ಬಿಸಿಲಿಗೆ ಇಟ್ಟರೆ ಏನಾಗಬಹುದು ಎಂದು ಊಹಿಸಿಕೊಳ್ಳಿ.

ಅಡುಗೆಮನೆಯೇ ಪ್ರಯೋಗಶಾಲೆ

ಗುಡ್‌ಇಯರ್ ರಸಾಯನಶಾಸ್ತ್ರ ಓದಿದವನಲ್ಲ. ಫಿಲಡೆಲ್ಫಿಯಾಕ್ಕೆ ಮರಳಿದ ಮೇಲೆ ಸಾಲಕ್ಕಾಗಿ ಮತ್ತೆ ಜೈಲಾಯಿತು. ಮೊದಲ ಪ್ರಯೋಗ ಅಲ್ಲೇ ನಡೆಯಿತು. ಹೆಂಡತಿಯ ಲಟ್ಟಣಿಗೆ ತರಿಸಿಕೊಂಡು ರಬ್ಬರ್ ಮುದ್ದೆಯನ್ನು ನಾದಿದ, ಲಟ್ಟಿಸಿದ. ಅಂಟು ಹೀರುವ ಪುಡಿ ಸೇರಿಸಿದರೆ ರಬ್ಬರ್ ಒಣಗೀತು ಎಂಬುದು ಅವನ ಲೆಕ್ಕ. ಮೆಗ್ನೀಷಿಯಾ ಸೇರಿಸಿದ, ಸುಟ್ಟ ಸುಣ್ಣ ಸೇರಿಸಿದ. ಮೊದಮೊದಲು ಗೆದ್ದಂತೆ ಕಾಣುತ್ತಿತ್ತು, ಬಿಸಿಲು ಬಂದೊಡನೆ ಮತ್ತೆ ಅದೇ ಅಂಟು.

ಆಮೇಲೆ ನೈಟ್ರಿಕ್ ಆಮ್ಲ ಹಚ್ಚಿ ನೋಡಿದ. ಮೇಲ್ಮೈ ನಯವಾಯಿತು. 1837ರಲ್ಲಿ ಆ ವಿಧಾನಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಆದರೆ ಮುಚ್ಚಿದ ಕೋಣೆಯಲ್ಲಿ ಆಮ್ಲದ ಹೊಗೆ ಕುಡಿದು ಪ್ರಾಣಕ್ಕೇ ಕುತ್ತು ತಂದುಕೊಂಡಿದ್ದ. ಅದೇ ವರ್ಷ ಅಮೆರಿಕದಲ್ಲಿ ಆರ್ಥಿಕ ಕುಸಿತವಾಗಿ, ಹಣ ಹಾಕಿದವರು ದಿವಾಳಿಯಾದರು. ಸಂಸಾರ ಸ್ಟೇಟನ್ ದ್ವೀಪದ ಪಾಳುಬಿದ್ದ ರಬ್ಬರ್ ಕಾರ್ಖಾನೆಯಲ್ಲಿ ಬಿಡಾರ ಹೂಡಿತು. ಹಿಡಿದ ಮೀನೇ ಊಟವಾಯಿತು.

1838ರಲ್ಲಿ ಆತನಿಗೆ ನಥಾನಿಯಲ್ ಹೇವರ್ಡ್ ಎಂಬವನ ಪರಿಚಯವಾಯಿತು. ಹೇವರ್ಡ್ ರಬ್ಬರಿಗೆ ಗಂಧಕ ಬೆರೆಸಿ ಬಿಸಿಲಿಗೆ ಒಣಗಿಸುತ್ತಿದ್ದ. ಗುಡ್‌ಇಯರ್ ಆ ಹಕ್ಕನ್ನು ಕೊಂಡುಕೊಂಡ. ಸರ್ಕಾರದಿಂದ ಅಂಚೆ ಚೀಲಗಳ ಆರ್ಡರ್ ಸಿಕ್ಕಿತು. ಚೀಲ ತಯಾರಾದವು, ನೋಡಲು ಚೆಂದವೂ ಇದ್ದವು. ಬೇಸಿಗೆಯ ಸೆಕೆಗೆ ಅವೂ ಅಂಟಾಗಿ ಹಾಳಾದವು.

ಒಲೆಯ ಕಥೆ: ಅದೃಷ್ಟವೋ, ಹಟವೋ?

1839ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ, ಗಂಧಕ ಬೆರೆತ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಾಗಿತು. ಕರಗಬೇಕಿದ್ದ ರಬ್ಬರ್ ಕರಗಲಿಲ್ಲ, ಚರ್ಮದಂತೆ ಸುಟ್ಟು ಕರಿಯಾಯಿತು. ಸುಟ್ಟ ಭಾಗದ ಅಂಚಿನಲ್ಲಿ ಮಾತ್ರ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ರಬ್ಬರ್ ಉಳಿದಿತ್ತು.

ಈ ಕಥೆಯನ್ನು ಫಾರ್ವರ್ಡ್‌ಗಳು ಬರೀ ಅದೃಷ್ಟದ ಆಟ ಎಂಬಂತೆ ಹೇಳುತ್ತವೆ. ಗುಡ್‌ಇಯರ್ ಸ್ವತಃ ಅದನ್ನು ಒಪ್ಪಿರಲಿಲ್ಲ. ನಾವೂ ಒಪ್ಪಬೇಕಿಲ್ಲ. ಒಲೆ ತೋರಿಸಿದ್ದು ಸುಳಿವನ್ನಷ್ಟೇ. ಎಷ್ಟು ಗಂಧಕ, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಹುಡುಕಲು ಇನ್ನೂ ಐದು ವರ್ಷ ಹಿಡಿಯಿತು. ಆ ಐದು ವರ್ಷದಲ್ಲಿ ಮನೆಯ ಸಾಮಾನು ಒತ್ತೆ ಹೋಯಿತು, ಮಕ್ಕಳ ಶಾಲೆಯ ಪುಸ್ತಕಗಳೂ ಮಾರಾಟವಾದವು. ಅವನ ಹಲವು ಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಕೊನೆಗೆ 1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಕೈಗೆ ಬಂತು.

ಗಂಧಕ ಅಲ್ಲಿ ಮಾಡುವ ಕೆಲಸವೇನು? ನಮ್ಮ ಮನೆಯ ಕೌದಿಯನ್ನು ನೆನಪಿಸಿಕೊಳ್ಳಿ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿದರೆ ಜಾರಿ ಹೋಗುತ್ತವೆ. ಉದ್ದಕ್ಕೂ ದಾರ ಹೊಲಿದರೆ ಅಲುಗುವುದಿಲ್ಲ, ಕೌದಿಯಾಗುತ್ತದೆ. ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳು. ಬಿಸಿಯಾದರೆ ಒಂದರ ಮೇಲೊಂದು ಜಾರುತ್ತವೆ, ಅದೇ ಅಂಟು. ಗಂಧಕ ಬೆರೆಸಿ ಕಾಯಿಸಿದಾಗ ಗಂಧಕದ ಪರಮಾಣುಗಳು ಸರಪಳಿಗಳ ನಡುವೆ ಹೊಲಿಗೆ ಹಾಕುತ್ತವೆ. ಇದಕ್ಕೆ ವಲ್ಕನೈಸೇಷನ್ ಎಂದು ಹೆಸರು. ರೋಮನ್ನರ ಅಗ್ನಿದೇವತೆ ವಲ್ಕನ್‌ನಿಂದ ಬಂದ ಹೆಸರದು.

ಗೆದ್ದರೂ ಉಳಿಯದ ದುಡ್ಡು

ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಕೈಗೆ ಗುಡ್‌ಇಯರ್ ಮಾಡಿದ ರಬ್ಬರಿನ ಮಾದರಿ ಸಿಕ್ಕಿತ್ತು. ಆತ ಗಂಧಕದ ಗುಟ್ಟು ಕಂಡುಕೊಂಡು, ಗುಡ್‌ಇಯರ್‌ಗಿಂತ ಕೆಲವೇ ವಾರ ಮೊದಲು ಅಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇಂಗ್ಲೆಂಡಿನ ಹಕ್ಕು ಕೈತಪ್ಪಿತು. ಅಮೆರಿಕದಲ್ಲೂ ನಕಲು ಮಾಡಿದವರ ಮೇಲೆ ಕೋರ್ಟಿಗೆ ಅಲೆಯಬೇಕಾಯಿತು. 1852ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ನಡೆದ ದೊಡ್ಡ ಮೊಕದ್ದಮೆಯಲ್ಲಿ ಹೆಸರಾಂತ ವಕೀಲ ಡೇನಿಯಲ್ ವೆಬ್‌ಸ್ಟರ್ ವಾದಿಸಿ ಗೆಲ್ಲಿಸಿದ. ಅವನ ಫೀಸು 15,000 ಡಾಲರ್.

ಬಂದ ದುಡ್ಡನ್ನು ಗುಡ್‌ಇಯರ್ ಉಳಿಸಲಿಲ್ಲ. 1851ರ ಲಂಡನ್ ವಸ್ತುಪ್ರದರ್ಶನದಲ್ಲಿ, 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಎಲ್ಲವನ್ನೂ ರಬ್ಬರಿನಲ್ಲೇ ಮಾಡಿ ತೋರಿಸಲು ಸಾವಿರಾರು ಡಾಲರ್ ಸುರಿದ. ಪ್ಯಾರಿಸ್ಸಿನಲ್ಲಿ ಸಾಲದ ಜೈಲಿನಲ್ಲಿದ್ದಾಗಲೇ ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಗೌರವ ಪದಕ ಬಂದು ತಲುಪಿತು. ಇಷ್ಟೂ ವರ್ಷ ಜೊತೆಗಿದ್ದ ಕ್ಲಾರಿಸಾ 1853ರಲ್ಲೇ ತೀರಿಕೊಂಡಿದ್ದಳು. 1860ರಲ್ಲಿ ಸಾವಿನಂಚಿನಲ್ಲಿದ್ದ ಮಗಳನ್ನು ನೋಡಲು ಹೊರಟವನಿಗೆ ನ್ಯೂಯಾರ್ಕ್ ತಲುಪುವಷ್ಟರಲ್ಲಿ ಆಕೆ ತೀರಿಕೊಂಡ ಸುದ್ದಿ ಸಿಕ್ಕಿತು. ಆತ ಅಲ್ಲೇ ಕುಸಿದ. ಜುಲೈ 1ರಂದು ಪ್ರಾಣ ಹೋಯಿತು. ಬಿಟ್ಟುಹೋದದ್ದು ಸುಮಾರು 2 ಲಕ್ಷ ಡಾಲರ್ ಸಾಲ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿಬಿಡೋಣ. ಗುಡ್‌ಇಯರ್ ಟಯರ್ ಕಂಪನಿ ಅವನದಲ್ಲ. ಅವನು ಸತ್ತು 38 ವರ್ಷದ ನಂತರ, 1898ರಲ್ಲಿ, ಫ್ರ್ಯಾಂಕ್ ಸೀಬರ್ಲಿಂಗ್ ಓಹಾಯೋದ ಆಕ್ರನ್‌ನಲ್ಲಿ ಅದನ್ನು ಶುರುಮಾಡಿ, ಗೌರವಕ್ಕಾಗಿ ಆ ಹೆಸರಿಟ್ಟ.

ಅಲ್ಲಿಂದ ನಮ್ಮ ಹಾಸಿಗೆಗೆ

ಗುಡ್‌ಇಯರ್ ಬದುಕಿದ್ದಾಗ ರಬ್ಬರ್ ಹೆಚ್ಚಾಗಿ ಬ್ರೆಜಿಲ್‌ನ ಅಮೆಜಾನ್ ಕಾಡಿನಿಂದ ಬರುತ್ತಿತ್ತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದ. ಅಲ್ಲಿ ಮೊಳೆತ ಸಸಿಗಳು ಶ್ರೀಲಂಕಾಕ್ಕೆ ಬಂದವು. ಈಗ ನಮ್ಮ ಸುಳ್ಯ, ಪುತ್ತೂರು, ಕಾಸರಗೋಡು ಕಡೆ ಹೋದರೆ ಗುಡ್ಡದ ತುಂಬ ರಬ್ಬರ್ ತೋಟ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ಎಷ್ಟೋ ತಮಿಳು ಕುಟುಂಬಗಳು ಸುಳ್ಯದ ಕಡೆಯ ಸರ್ಕಾರಿ ತೋಟಗಳಲ್ಲಿ ಟ್ಯಾಪಿಂಗ್ ಮಾಡುತ್ತ ನೆಲೆ ನಿಂತಿವೆ.

ಮರದ ಹಾಲನ್ನು ನೊರೆ ಬರಿಸಿ ಮೆತ್ತೆ ಮಾಡುವ ವಿಧಾನ ಬಂದದ್ದು 1929ರಲ್ಲಿ, ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ. ಇಂದಿಗೂ ದಾರಿ ಹೆಚ್ಚುಕಡಿಮೆ ಅದೇ. ಹಾಲು ಹೆಪ್ಪುಗಟ್ಟದಂತೆ ಅಮೋನಿಯಾ ಹಾಕುತ್ತಾರೆ. ನೀರಿನಂಶ ಕಡಿಮೆ ಮಾಡಿ ಗಂಧಕ, ಜಿಂಕ್ ಆಕ್ಸೈಡ್, ಸೋಪು ಮತ್ತು ವಲ್ಕನೈಸೇಷನ್ ಬೇಗ ಆಗಲು ಬೇಕಾದ ರಾಸಾಯನಿಕ ಸೇರಿಸುತ್ತಾರೆ. ಕಡೆದು ನೊರೆ ಬರಿಸಿ, ಅಚ್ಚಿಗೆ ಸುರಿದು, ಹಬೆಯಲ್ಲಿ ಬೇಯಿಸಿ, ತೊಳೆದು ಒಣಗಿಸುತ್ತಾರೆ. ನೂರು ಪಾಲು ರಬ್ಬರಿಗೆ ಗಂಧಕ ಸುಮಾರು ಎರಡು ಪಾಲು.

ಹಾಗಾಗಿ ಉತ್ತರ ಸರಳ. ರಬ್ಬರ್ ನೈಸರ್ಗಿಕವಾಗಿರಬಹುದು, ಹಾಸಿಗೆ ಕೆಮಿಕಲ್ ಇಲ್ಲದೆ ಆಗುವುದಿಲ್ಲ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಆ ಗಂಧಕ ಹೊಲಿಗೆಯಾಗಿ ರಬ್ಬರಿನೊಳಗೇ ಸೇರಿಹೋಗಿರುತ್ತದೆ. ಹೆದರಬೇಕಾದದ್ದು ಕೆಮಿಕಲ್ಲೇ ಇಲ್ಲ ಎಂದು ಆಣೆ ಮಾಡುವ ಮಾರಾಟಗಾರನಿಗೆ.

ಆರ್ಡರ್ ಮಾಡುವ ಮುನ್ನ

ಒಳಗಿನ ಪದರಗಳನ್ನು ಕೇಳಿ. ಮೇಲೆ ಒಂದಿಂಚು ಲ್ಯಾಟೆಕ್ಸ್, ಕೆಳಗೆಲ್ಲ ಸಾಮಾನ್ಯ ಫೋಮ್ ಇದ್ದರೂ ಲ್ಯಾಟೆಕ್ಸ್ ಹಾಸಿಗೆ ಎಂದೇ ಮಾರುವುದುಂಟು. ಪೆಟ್ರೋಲಿಯಂನಿಂದ ಮಾಡಿದ ಕೃತಕ ಲ್ಯಾಟೆಕ್ಸ್ ಎಷ್ಟು ಬೆರೆತಿದೆ ಎಂಬುದನ್ನೂ ಬರಹದಲ್ಲೇ ಕೇಳಿ.

ತೂಕ ನೋಡಿ. ಆರೂವರೆ ಅಡಿ ಉದ್ದ, ಐದಡಿ ಅಗಲ, ಆರಿಂಚು ದಪ್ಪದ ಪೂರ್ತಿ ಲ್ಯಾಟೆಕ್ಸ್ ಹಾಸಿಗೆ ಸುಮಾರು 30 ಕಿಲೋ ಅಥವಾ ಹೆಚ್ಚು ತೂಗುತ್ತದೆ. ಅದೇ ಅಳತೆಯ ಸಾಮಾನ್ಯ ಫೋಮ್ ಹಾಸಿಗೆ ಅದರ ಅರ್ಧದಷ್ಟಿರುತ್ತದೆ.

ಮುದ್ರೆಗಳ ಅರ್ಥ ತಿಳಿಯಿರಿ. ಗೋಲ್ಸ್ ಮುದ್ರೆಗೆ ಶೇ 95ಕ್ಕಿಂತ ಹೆಚ್ಚು ಪ್ರಮಾಣಿತ ಸಾವಯವ ಲ್ಯಾಟೆಕ್ಸ್ ಇರಬೇಕು. ಓಕೋ-ಟೆಕ್ಸ್ ಮುದ್ರೆ ಹಾನಿಕರ ವಸ್ತುಗಳ ಪರೀಕ್ಷೆಯನ್ನು ಹೇಳುತ್ತದೆಯೇ ಹೊರತು ನೈಸರ್ಗಿಕ ಎಂದಲ್ಲ.

ಚೂರು ಕತ್ತರಿಸಿ ಬೆಂಕಿ ಹಚ್ಚಿ ನೋಡಿ ಎನ್ನುವ ವಿಡಿಯೊ ನಂಬಬೇಡಿ. ಲ್ಯಾಟೆಕ್ಸೂ ಉರಿಯುತ್ತದೆ, ಫೋಮೂ ಉರಿಯುತ್ತದೆ, ಹೊಗೆ ಎರಡರದ್ದೂ ಕೆಟ್ಟದ್ದು.

ಹತ್ತಿ ಗಾದಿಯಂತೆ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಬೇಡಿ. ಗಂಧಕದ ಹೊಲಿಗೆ ರಬ್ಬರನ್ನು ಕರಗದಂತೆ ಕಾಯುತ್ತದೆ, ನೇರ ಬಿಸಿಲಿನಿಂದ ಕಾಯುವುದಿಲ್ಲ. ಬಿಸಿಲಿಗೆ ಅದು ಹಳದಿಯಾಗಿ, ಬಿರುಸಾಗಿ, ಪುಡಿಯಾಗುತ್ತದೆ. ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು. ರಬ್ಬರ್ ಕೈಗವಸು ತಾಗಿದರೆ ತುರಿಕೆ, ಉಬ್ಬಸ ಬರುವವರು ವೈದ್ಯರನ್ನು ಕೇಳಿಯೇ ಕೊಳ್ಳಲಿ.

ಇನ್ನು ಸೊಂಟನೋವು. ಯಾವ ಹಾಸಿಗೆಯೂ ಔಷಧವಲ್ಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 313 ಮಂದಿಯ ಅಧ್ಯಯನದಲ್ಲಿ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದು ಹೆಚ್ಚು ಆರಾಮ ಕೊಟ್ಟಿತು. ಲ್ಯಾಟೆಕ್ಸೇ ಆಗಬೇಕು ಎಂದೇನೂ ಅದು ಹೇಳಲಿಲ್ಲ.

ಸುರುಳಿ ಬಿಚ್ಚಿದ ಹಾಸಿಗೆಯನ್ನು ಮನೆಯಲ್ಲಿ ಮತ್ತೆ ಸುತ್ತಲಾಗದು. ಹಾಗಾಗಿ ವಾಪಸ್ ಒಯ್ಯುವವರು ಯಾರು, ಸಾಗಣೆ ಖರ್ಚು ಯಾರದ್ದು ಎಂದು ಮೊದಲೇ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಾಪಸಾತಿ, ಹಣ ಮರುಪಾವತಿ, ವಾರಂಟಿ, ತಯಾರಾದ ದೇಶದ ವಿವರವನ್ನು ಆನ್‌ಲೈನ್ ಮಾರಾಟಗಾರರು ಕೊಡಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಬೇಸಿಗೆಗೆ ಕರಗದ ರಬ್ಬರಿಗಾಗಿ ಒಬ್ಬ ಮನುಷ್ಯ ಹತ್ತು ವರ್ಷ, ಮನೆ, ಆರೋಗ್ಯ ಎಲ್ಲ ತೆತ್ತ. ಅವನು ಕಂಡುಕೊಂಡದ್ದನ್ನೇ ಬಳಸಿ ಮಾಡಿದ ಹಾಸಿಗೆಯನ್ನು, ಅದು ಒಳಗೆ ಇಲ್ಲವೇ ಇಲ್ಲ ಎಂದು ಮಾರುತ್ತಿದ್ದಾರೆ. ಮುಂದಿನ ಸಲ ಆ ಜಾಹೀರಾತು ನಿಮ್ಮ ಗ್ರೂಪಿಗೆ ಬಂದಾಗ, ಅದರ ಕೆಳಗೆ ಇದನ್ನೂ ಫಾರ್ವರ್ಡ್ ಮಾಡಿ.