ಮಲಿಕ್ ಅಂಬರನ ಜೀವಿತ

ನಮ್ಮ ಶಿವಮೊಗ್ಗೆಯ ಸೀಮೆಗೆ ನೆರೆಯಾದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿ ಸಿದ್ದಿ ಜನರು ವಾಸವಾಗಿರುವರು. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕ ಖಂಡದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ಅದೇ ಖಂಡದಿಂದ ಬೇರೊಂದು ಮಾರ್ಗವಾಗಿ ಬಂದ ಮಲಿಕ್ ಅಂಬರನ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಆತನು ಸುಮಾರು 1548ರಲ್ಲಿ ಇಥಿಯೋಪಿಯ ದೇಶದಲ್ಲಿ ಜನಿಸಿದನು. ಬಾಲ್ಯದ ಹೆಸರು ಚಾಪು. ಎಳೆಯ ಪ್ರಾಯದಲ್ಲಿಯೇ ಗುಲಾಮರ ವ್ಯಾಪಾರಿಗಳ ಕೈಸೇರಿ, ಅರಬ್ ದೇಶಗಳ ಪೇಟೆಗಳಲ್ಲಿ ದನಕರುಗಳಂತೆ ಮಾರಲ್ಪಟ್ಟನು. ಬಾಗ್ದಾದಿನ ಯಜಮಾನನೊಬ್ಬನು ವಿದ್ಯೆ ಕಲಿಸಿ, ಅಂಬರನೆಂಬ ಹೊಸ ಹೆಸರನ್ನಿಟ್ಟನು. ಹುಡುಗನನ್ನು ಕಳೆದುಕೊಂಡ ಮನೆಯವರ ಗೋಳನ್ನು ಬರೆದಿಟ್ಟ ಚರಿತ್ರಕಾರನನ್ನು ನಾವು ಕಾಣೆವು. ಅಂಥ ಮನೆಗಳು ಎಷ್ಟೋ! ಈ ವ್ಯಾಪಾರವು ಆ ಖಂಡದ ಎಳೆಯರನ್ನೂ ದುಡಿಯಬಲ್ಲವರನ್ನೂ ಆಯ್ದೊಯ್ದು, ಸೆರೆಯಾಳುಗಳಿಗಾಗಿಯೇ ಯುದ್ಧಗಳನ್ನು ಹುಟ್ಟಿಸಿ, ಊರೂರುಗಳನ್ನು ಬರಿದುಮಾಡಿತು.

ದಖ್ಖನಿನಲ್ಲಿ ಆತನನ್ನು ಕೊಂಡವನು ಅಹಮದ್‌ನಗರದ ಮಂತ್ರಿ ಚಂಗೀಜ್ ಖಾನನು; ಸೋಜಿಗವೇನೆಂದರೆ, ಅವನೂ ಹಿಂದೆ ಗುಲಾಮನಾಗಿದ್ದ ಹಬ್ಸಿಯೇ. ಅವನ ಮರಣಾನಂತರ ಅಂಬರನು ಬಿಡುಗಡೆ ಹೊಂದಿ, ನಮ್ಮ ಬಿಜಾಪುರದಲ್ಲಿಯೂ ಕೆಲಕಾಲ ಸೇವೆಮಾಡಿದನು. 1600ರಲ್ಲಿ ಮೊಗಲರು ಅಹಮದ್‌ನಗರದ ಕೋಟೆಯನ್ನು ಹಿಡಿಯಲು, ರಾಜವಂಶದ ಎರಡನೆಯ ಮುರ್ತಜಾ ನಿಜಾಮ್ ಷಹನನ್ನು ಪಟ್ಟಕ್ಕೇರಿಸಿ ತಾನೇ ರಾಜ್ಯಭಾರವನ್ನು ವಹಿಸಿದನು. ಮರಾಠ ಸವಾರರೊಡನೆ ಬೆಟ್ಟಗಣಿವೆಗಳಲ್ಲಿ ಹೊಂಚುಹಾಕಿ ಜಹಾಂಗೀರನ ಸೈನ್ಯವನ್ನು ಕಂಗೆಡಿಸಿದನು. ರೈತರ ಕಂದಾಯವನ್ನು ಕ್ರಮಪಡಿಸಿದನು. ಮುಂದೆ ಔರಂಗಾಬಾದೆನಿಸಿದ ಖಡ್ಕಿ ನಗರವನ್ನು 1610ರಲ್ಲಿ ಸ್ಥಾಪಿಸಿ, ನೆಲದೊಳಗಿನ ಕಾಲುವೆಗಳಿಂದ ನೀರು ತರಿಸಿದನು. 1624ರಲ್ಲಿ ಭಾತವಾಡಿಯಲ್ಲಿ ಮೊಗಲರ ಮತ್ತು ಬಿಜಾಪುರದವರ ಕೂಡುದಂಡನ್ನು ಸೋಲಿಸಿದನು.

1626ರಲ್ಲಿ ಆತನು ಕಾಲವಾದನು, ಸಮಾಧಿಯು ಖುಲ್ದಾಬಾದಿನಲ್ಲಿದೆ.